ಶಿಬಿರದ ಲೆಕ್ಕ ಸಾಲದು, ಮನೆ ಮನೆಯ ಎಕ್ಸ್‌ರೇ ಬೇಕು

ಮಾನ್ಯ ಸಂಪಾದಕರೇ,

ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆ.ಜಿ.ಎಫ್.ನಲ್ಲಿ ಹಳೆಯ ಕಾರ್ಮಿಕರ ಧೂಳುರೋಗವನ್ನು ಆರೋಗ್ಯ ಶಿಬಿರಕ್ಕೆ ಬಂದವರಿಂದಷ್ಟೇ ಎಣಿಸಿದರೆ ಸಾಲದು ಎಂದು ಹೇಳಲು ಈ ಪತ್ರ.

ಪುರಾವೆ ಆಧಾರಿತ ವೈದ್ಯಕೀಯಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಡಾ. ಆರ್ಚಿ ಕಾಕ್ರೇನ್ ಹೆಸರು ವೈದ್ಯಕೀಯ ಕಾಲೇಜುಗಳ ಪಾಠದಿಂದ ಆಚೆಗೆ ಅಷ್ಟಾಗಿ ಬಂದಿಲ್ಲ. ಆದರೆ ಕೆ.ಜಿ.ಎಫ್.ಗೆ ಅವರು ಹತ್ತಿರದವರು. ಗಣಿ ಕಾರ್ಮಿಕರ ಎದೆಯ ಧೂಳನ್ನು ಎಣಿಸುವುದರಲ್ಲೇ ಅವರ ವಿದ್ಯೆ ಪಳಗಿದ್ದು.

1909ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಕಾಕ್ರೇನ್ 1941ರಲ್ಲಿ ಕ್ರೀಟ್ ದ್ವೀಪದಲ್ಲಿ ಜರ್ಮನ್ನರಿಗೆ ಸೆರೆಸಿಕ್ಕರು. ಗ್ರೀಸಿನ ಸಲೋನಿಕಾ ಯುದ್ಧಕೈದಿಗಳ ಶಿಬಿರದಲ್ಲಿ ಅರೆಹೊಟ್ಟೆಯ ಕೈದಿಗಳ ಕಾಲು ಬಾತುಕೊಳ್ಳತೊಡಗಿತು. ಬೆರಳಿಂದ ಒತ್ತಿದರೆ ಗುಳಿ ಬೀಳುವಂಥ ಊತ. ಬಿ ಜೀವಸತ್ವದ ಕೊರತೆ ಇರಬಹುದೆಂದು ಅವರಿಗೆ ಅನುಮಾನ. ಇಪ್ಪತ್ತು ಮಂದಿಯನ್ನು ಹತ್ತು ಹತ್ತರಂತೆ ಬೇರೆ ಮಾಡಿ, ಒಂದು ಗುಂಪಿಗೆ ಕಾಳಸಂತೆಯಲ್ಲಿ ತಂದ, ಬಿ ಜೀವಸತ್ವವಿರುವ ಯೀಸ್ಟ್, ಇನ್ನೊಂದಕ್ಕೆ ಸಿ ಜೀವಸತ್ವದ ಮಾತ್ರೆ ಕೊಟ್ಟರು. ಊತ ಇಳಿದರೆ ಆ ನೀರು ಮೂತ್ರವಾಗಿ ಹೋಗುತ್ತದೆ. ಅದರ ಪ್ರಮಾಣ ಅಳೆಯುವ ಸೌಕರ್ಯ ಇರಲಿಲ್ಲ; ಯಾರು ಎಷ್ಟು ಸಲ ಹೋದರು ಎಂದು ಬರೆದಿಟ್ಟರು. ನಾಲ್ಕನೇ ದಿನಕ್ಕೆ ಯೀಸ್ಟ್ ತಿಂದವರಲ್ಲಿ ಸುಧಾರಣೆ ಎದ್ದು ಕಂಡಿತು. ಆ ಲೆಕ್ಕ ತೋರಿಸಿದ ಮೇಲೆ ಜರ್ಮನ್ನರು ಯೀಸ್ಟ್ ಒದಗಿಸಿದರು. ತಾವು ಮಾಡಿದ ಅತಿ ಕೆಟ್ಟ, ಅತಿ ಯಶಸ್ವಿ ಪ್ರಯೋಗ ಅದೇ ಎಂದು ಮುಂದೆ ಅವರೇ ಬರೆದರು.

ನಮಗೆ ಬೇಕಾದದ್ದು ಅವರ ಮುಂದಿನ ಕೆಲಸ. 1948ರಲ್ಲಿ ವೇಲ್ಸಿನ ಧೂಳುರೋಗ ಸಂಶೋಧನಾ ಘಟಕ ಸೇರಿದರು. 1950ರಿಂದ ರೊಂಡಾ ಕಣಿವೆಯ ಕಲ್ಲಿದ್ದಲು ಗಣಿಗಾರರ ಎಕ್ಸ್‌ರೇ ತೆಗೆಸಿದರು. ಅವರದು ಒಂದೇ ಹಟ: ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯ ಎಕ್ಸ್‌ರೇ ಆಗಲೇಬೇಕು. ಲೆಕ್ಕ ಕೆಡುವುದು ಬಾರದೆ ಉಳಿದವರಿಂದ. ಹಾಸಿಗೆ ಹಿಡಿದವನು ಬರಲಾರ, ಗಟ್ಟಿಮುಟ್ಟಾಗಿರುವವನು ಬರಲೊಲ್ಲ. ಧೂಳು ತುಂಬಿದ ಶ್ವಾಸಕೋಶಕ್ಕೆ ಟಿ.ಬಿ. ಸೇರಿದರೆ ರೋಗ ಉಲ್ಬಣಿಸುತ್ತದೆಂಬ ಅಂದಿನ ವಾದವನ್ನು ಪರೀಕ್ಷಿಸಲು, ಒಂದು ಕಣಿವೆಯಲ್ಲಿ ಟಿ.ಬಿ. ಹುಡುಕಿ ಚಿಕಿತ್ಸೆ ಕೊಡಿಸಿ, ಇನ್ನೊಂದನ್ನು ಹೋಲಿಕೆಗೆ ಇಟ್ಟುಕೊಂಡರು. ಖಚಿತ ಉತ್ತರ ಸಿಗಲಿಲ್ಲ. ಸಿಗಲಿಲ್ಲವೆಂದೇ ಹೇಳಿದರು, ಅವರ ದೊಡ್ಡತನ ನಮಗೆ ಅಲ್ಲಿ ಕಾಣುತ್ತದೆ. 1988ರಲ್ಲಿ ಅವರು ತೀರಿಕೊಂಡರು. ಪ್ರಯೋಗಗಳ ಫಲಿತಾಂಶ ಒಟ್ಟುಗೂಡಿಸಿ ತೂಗುವ, ಅವರದೇ ಹೆಸರಿನ ಸಂಸ್ಥೆ 1993ರಲ್ಲಿ ಹುಟ್ಟಿತು.

ಕೋಲಾರದ ಚಿನ್ನದ ಗಣಿಯಲ್ಲಿ 1947ರ ಸಮೀಕ್ಷೆ 7,653 ಕಾರ್ಮಿಕರನ್ನು ನೋಡಿ, ಶೇ 43.7ರಷ್ಟು ಮಂದಿಗೆ ಸಿಲಿಕೋಸಿಸ್, ಅಂದರೆ ಕಲ್ಲಿನ ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ರೋಗ, ಇದೆ ಎಂದಿತ್ತು. ಗಣಿ 2001ರಲ್ಲಿ ಮುಚ್ಚಿತು. ಸಿಲಿಕಾ ಧೂಳು ಮಾತ್ರ ಕೆಲಸ ಬಿಟ್ಟ ಮೇಲೂ ಶ್ವಾಸಕೋಶವನ್ನು ಕಲ್ಲಾಗಿಸುತ್ತಲೇ ಹೋಗುತ್ತದೆ. ಆರೋಗ್ಯ ಶಿಬಿರಕ್ಕೆ ನಡೆದು ಬಂದವರನ್ನಷ್ಟೇ ಎಣಿಸಿದರೆ, ಮೆಟ್ಟಿಲಿಳಿಯಲೂ ಏದುಸಿರು ಬಿಡುವವರು ಲೆಕ್ಕದಿಂದ ಬಿಟ್ಟುಹೋಗುತ್ತಾರೆ.

ಮೊದಲು ಹಳೆಯ ಹಾಜರಿ ಪುಸ್ತಕ, ಪಡಿತರ ಚೀಟಿ ಹಿಡಿದು ಕಾರ್ಮಿಕರ ಲೈನು ಮನೆಗಳಲ್ಲಿ ಪಟ್ಟಿ ಮಾಡಬೇಕು: ಗಣಿಗಿಳಿಯುವ ಯಾವ ಶಾಫ್ಟ್, ನೆಲದಡಿಯೋ ಮೇಲೋ, ಎಷ್ಟು ವರ್ಷ. ಬಾರದವರ ಮನೆಗೆ ಎಕ್ಸ್‌ರೇ ವಾಹನವೇ ಹೋಗಬೇಕು, ಎರಡನೇ ಸಲ, ಮೂರನೇ ಸಲ. ಪ್ರತಿ ಚಿತ್ರವನ್ನು ಇಬ್ಬರು ವೈದ್ಯರು ಹೆಸರು ನೋಡದೆ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮಾದರಿ ಚಿತ್ರಗಳ ಪಕ್ಕದಲ್ಲಿಟ್ಟು ಹನ್ನೆರಡು ದರ್ಜೆಗಳಲ್ಲಿ ಓದಬೇಕು. ಒಬ್ಬರೇ ಓದಿದರೆ ಆರಂಭದ ಚುಕ್ಕೆಗಳು ಇಂದು ಕಂಡು ನಾಳೆ ಕಾಣದೆ ಹೋಗುತ್ತವೆ. ಶ್ವಾಸಕೋಶದ ಮೇಲ್ಭಾಗದ ಸಿಲಿಕಾ ಚುಕ್ಕೆಗಳು ಟಿ.ಬಿ.ಯಂತೆಯೇ ಕಾಣುವುದರಿಂದ ಕಫ ಪರೀಕ್ಷೆ ತಪ್ಪಿಸುವಂತಿಲ್ಲ. ಸಿಲಿಕೋಸಿಸ್ ಇದ್ದವರಿಗೆ ಟಿ.ಬಿ. ಬೇಗ ಹತ್ತುತ್ತದೆ, ಹಾಗೆಂದು ಕಫ ನೋಡದೆ ಆರು ತಿಂಗಳು ಟಿ.ಬಿ. ಮಾತ್ರೆ ನುಂಗಿಸಿದರೆ ಧೂಳಿನ ದಮ್ಮು ಇಳಿಯುವುದಿಲ್ಲ.

ಜಿಲ್ಲಾಡಳಿತ ಇದನ್ನು ಕೈಗೆತ್ತಿಕೊಳ್ಳಲಿ. ತೀರಿಕೊಂಡವರ ಹೆಸರೂ ಪಟ್ಟಿಯಲ್ಲಿರಲಿ. ಯಾವ ವರ್ಷ, ಯಾವ ಕಾಯಿಲೆ ಎಂದು ಮನೆಯವರಿಂದ ಕೇಳಿ ಬರೆದುಕೊಳ್ಳಲಿ.

– ಓದುಗರು, ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್.