ರಮ್ಮಿ ಬಿಟ್ಟು ಒಂದು ವರ್ಷ: ಕೈ ಬಿಡದ ನಿಮಗೆಲ್ಲ

ಮೊಬೈಲಿನಲ್ಲಿ ದುಡ್ಡು ಕಟ್ಟಿ ರಮ್ಮಿ ಆಡುವುದನ್ನು ಬಿಟ್ಟು ಈ ಶಿವರಾತ್ರಿಗೆ ಒಂದು ವರ್ಷ ಆಯ್ತು. ತಿಪಟೂರಿನಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ನನ್ನ ಕಥೆ ಊರಲ್ಲಿ ಸುಮಾರು ಜನಕ್ಕೆ ಗೊತ್ತು. ಗೊತ್ತಿಲ್ಲದವರಿಗೂ ಗೊತ್ತಾಗಲಿ ಅಂತಲೇ ಬರೆಯುತ್ತಿದ್ದೇನೆ.

2020ರ ಲಾಕ್‌ಡೌನ್‌ನಲ್ಲಿ ಶುರುವಾದದ್ದು. 2021ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದಲ್ಲಿ ದುಡ್ಡಿನ ಆನ್‌ಲೈನ್ ಆಟ ನಿಷೇಧ ಆಯ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ನಿಷೇಧ ರದ್ದು ಮಾಡಿತು. ಮಧ್ಯದ ನಾಲ್ಕು ತಿಂಗಳು ನಾನು ಆಡಲಿಲ್ಲ. ಆದರೆ ಬಿಟ್ಟಿರಲೂ ಇಲ್ಲ. ಸುಮ್ನೆ ಕಾಯುತ್ತಿದ್ದೆ. ಹೋದ ದುಡ್ಡು ಒಂದು ಸಲ ವಾಪಸ್ ಬಂದರೆ ಸಾಕು, ಆಮೇಲೆ ಮುಟ್ಟಲ್ಲ ಅಂತ. ನನ್ನನ್ನು ಮುಳುಗಿಸಿದ್ದು ಇದೇ ಲೆಕ್ಕ. ಐನೂರು ಹೋದರೆ ಸಾವಿರ ಹಾಕುವುದು, ಸಾವಿರ ಹೋದರೆ ಕೈಗಡ ತಂದು ಐದು ಸಾವಿರ ಹಾಕುವುದು.

ಹೋದ ವರ್ಷ ಜಾಗರಣೆಯ ರಾತ್ರಿ ಎಲ್ಲರೂ ದೇವಸ್ಥಾನದಲ್ಲಿ ಭಜನೆ ಮಾಡುತ್ತಿದ್ದರು. ನಾನು ಹಿಂದೆ ಕತ್ತಲಲ್ಲಿ ಕೂತು ಮಗಳ ಫೀಸಿಗೆ ಇಟ್ಟಿದ್ದ ದುಡ್ಡು ಕಳೆದೆ. ಒಂದೂವರೆಗೆ 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಇರುವ ಸರ್ಕಾರದ ಸಹಾಯವಾಣಿ, ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ, ದುಡ್ಡಿಲ್ಲ. ಆ ಕಡೆಯ ಹುಡುಗಿ ಕನ್ನಡದಲ್ಲೇ ಮಾತಾಡಿದಳು. ನಾನು ಅತ್ತಾಗ ಫೋನ್ ಇಡಲಿಲ್ಲ. ತಾಯಿ, ನಿನ್ನ ಹೆಸರೂ ಗೊತ್ತಿಲ್ಲ ನನಗೆ. ನೀನು ಚೆನ್ನಾಗಿರು.

ಬೆಳಿಗ್ಗೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಮಗಳ ಹಳೇ ನೋಟ್‌ಬುಕ್ ತಂದಳು. ಬ್ಯಾಂಕಿನ ಸ್ಟೇಟ್‌ಮೆಂಟ್ ಇಟ್ಟುಕೊಂಡು ಇಬ್ಬರೂ ಎರಡು ರಾತ್ರಿ ಹೋದ ದುಡ್ಡಿನ ಲೆಕ್ಕ ಕೂಡಿದೆವು. 6,38,000 ರೂಪಾಯಿ. ಸೊಸೈಟಿಯಲ್ಲಿ ಅಡವಿಟ್ಟ ಅವಳ ಸರವೂ ಅದರಲ್ಲೇ ಸೇರಿತ್ತು. ಕೆಳಗೆ ಎರಡು ಗೆರೆ ಎಳೆದು ಪೆನ್ನು ನನ್ನ ಕೈಗೆ ಕೊಟ್ಟಳು. "ಇದು ಇನ್ನು ಬರಲ್ಲ ರೀ. ಹೋಯ್ತು ಅಂತ ನೀವೇ ಬರೀರಿ" ಅಂದಳು. ಆ ಎರಡಕ್ಷರ ಬರೆಯೋಕೆ ನನಗೆ ಎಷ್ಟು ಹೊತ್ತು ಹಿಡಿಯಿತು ಅಂತ ಅವಳಿಗೆ ಮಾತ್ರ ಗೊತ್ತು. ಆಟ ಬಿಡುವುದಕ್ಕಿಂತ ಆ ದುಡ್ಡಿನ ಆಸೆ ಬಿಡುವುದೇ ಕಷ್ಟ ಆಯ್ತು.

ನಿಮ್ಹಾನ್ಸ್‌ನ ಡಾಕ್ಟರುಗಳಿಗೆ ನಮಸ್ಕಾರ. ಇದೊಂದು ಕಾಯಿಲೆ, ವಾಸಿ ಮಾಡಬಹುದು ಅಂದಿರಿ. ಕೈಗೆ ದುಡ್ಡು ಸಿಗದ ಹಾಗೆ ಮಾಡಿಕೊಳ್ಳಿ, ಆಡಬೇಕು ಅನ್ನಿಸಿದಾಗ ಅರ್ಧ ಗಂಟೆ ತಳ್ಳಿ ಅಂದಿರಿ. ಅಂಗಡಿಯ ಸ್ಕ್ಯಾನರ್ ಈಗ ಹೆಂಡತಿಯ ಅಕೌಂಟಿನದು. ನನ್ನ ಹತ್ತಿರ ಇರುವುದು ಬಟನ್ ಫೋನು. ಮೊದಲ ಮೂರು ತಿಂಗಳು ಬಾಮೈದ ದಿನಾ ರಾತ್ರಿ ಅಂಗಡಿಗೆ ಬಂದು, ಬಾಗಿಲು ಹಾಕುವ ತನಕ ಜೊತೆಗೆ ಕೂತಿರುತ್ತಿದ್ದ. ಒಂದು ದಿನವೂ ಬುದ್ಧಿ ಹೇಳಲಿಲ್ಲ. ಅದಕ್ಕೇ ಅವನು ಬಂದರೆ ಸಮಾಧಾನ ಆಗುತ್ತಿತ್ತು.

ತೋಟದ ಯಜಮಾನರೇ, ನಿಮ್ಮನ್ನು ಮರೆಯೋದು ಹೇಗೆ? ಕಾಯಿಲ್ ಕಟ್ಟುವಾಗ ತಂತಿಯ ಸುತ್ತು ಎಣಿಸಬೇಕು. ನಿಮ್ಮ ಮೋಟಾರಿಗೆ ಕಟ್ಟುವಾಗ ನನ್ನ ತಲೆಯಲ್ಲಿ ಇಸ್ಪೀಟ್ ಎಲೆಗಳೇ ಓಡುತ್ತಿದ್ದವು. ಎಣಿಕೆ ತಪ್ಪಿತು. ಹದಿನೈದು ದಿನಕ್ಕೆ ಸುಟ್ಟುಹೋಯ್ತು, ಅದೂ ಏಪ್ರಿಲ್ ಬಿಸಿಲಲ್ಲಿ, ತೆಂಗಿನ ಗಿಡಕ್ಕೆ ನೀರಿಲ್ಲ. ನೀವು ಬೈಯಬಹುದಿತ್ತು. "ಏನೋ ಚಿಂತೇಲಿದ್ದೀಯ ಮಗ, ಇನ್ನೊಂದ್ಸಲ ಕಟ್ಟು" ಅಂದಿರಿ. ನಿಮ್ಮ ಆ ಮೋಟಾರ್ ಇವತ್ತಿಗೂ ಓಡ್ತಿದೆ ಅಂತ ಕೇಳಿದಾಗ ಕಣ್ಣು ತುಂಬಿ ಬಂತು.

2025ರ ಆಗಸ್ಟ್‌ನಲ್ಲಿ ದೇಶಕ್ಕೆಲ್ಲ ಇಂಥ ಆಟ ಬಂದ್ ಮಾಡುವ ಕೇಂದ್ರದ ಕಾನೂನು ಬಂತು. ಆಗ ನಾನು ಬಿಟ್ಟು ಆರು ತಿಂಗಳಾಗಿತ್ತು. ಈ ಸಲ ನಾನು ಯಾವುದಕ್ಕೂ ಕಾಯುತ್ತಿರಲಿಲ್ಲ.

ಕೈಗಡ ಕೊಟ್ಟ ಗೆಳೆಯರೇ, ನೀವು ಕೇಳದಿದ್ದರೂ ನಿಮ್ಮೆಲ್ಲರ ಹೆಸರು ಅದೇ ನೋಟ್‌ಬುಕ್ಕಿನ ಮುಂದಿನ ಹಾಳೆಯಲ್ಲಿದೆ. ನಾಲ್ಕು ಜನರದ್ದು ತೀರಿದೆ, ಏಳು ಜನರದ್ದು ಬಾಕಿ. ಬೇಸಿಗೆಯಲ್ಲಿ ಮೋಟಾರ್ ಕೆಲಸ ಜಾಸ್ತಿ. ಯುಗಾದಿ ಕಳೆದ ಮೇಲೆ ಒಬ್ಬೊಬ್ಬರ ಮನೆಗೂ ನಾನೇ ಬರುತ್ತೇನೆ.