ಮಗಳಿಗೊಂದು ಪತ್ರ: ಸಮತಟ್ಟು ನೆಲವಿಲ್ಲದ ಸೇಬಾ

ಪ್ರೀತಿಯ ಪುಟ್ಟಿಗೆ, ಅಮ್ಮನ ಆಶೀರ್ವಾದಗಳು.

ನೆದರ್‌ಲ್ಯಾಂಡ್ಸ್‌ನ ನಿನ್ನ ಕಾಲೇಜಿನವರು ಎರಡು ತಿಂಗಳ ಕೆಲಸಕ್ಕೆ ಸೇಬಾ ದ್ವೀಪಕ್ಕೆ ಕಳಿಸುತ್ತಿದ್ದಾರೆ ಅಂದೆಯಲ್ಲ, ಹೊರಡುವ ಮುಂಚೆ ಈ ಕಾಗದವನ್ನು ಸಾವಧಾನವಾಗಿ ಓದಿಕೋ. ಮೊದಲು ಹೆಸರು. ಡಚ್ಚರ ಬಾಯಲ್ಲಿ ಅದು ‘ಸಾಬಾ’, ಆದರೆ ಊರವರು ಅನ್ನುವುದು ‘ಸೇಬಾ’. ನೀನೂ ಹಾಗೇ ಅನ್ನು.

ಕೆರಿಬಿಯನ್ ಸಮುದ್ರದಲ್ಲಿ, ಸೇಂಟ್ ಮಾರ್ಟಿನ್ ದ್ವೀಪದಿಂದ ಸುಮಾರು 45 ಕಿಲೋಮೀಟರ್ ದೂರದಲ್ಲಿ, ನೀರಿನಿಂದ ನೇರ ಮೇಲೆದ್ದ ಜ್ವಾಲಾಮುಖಿ ಅದು. ವಿಸ್ತೀರ್ಣ 13 ಚದರ ಕಿಲೋಮೀಟರ್, ಜನ ಎರಡು ಸಾವಿರದ ಆಸುಪಾಸು. ಅಷ್ಟು ಚಿಕ್ಕ ಜಾಗದ ನಡುವೆ ಮೌಂಟ್ ಸೀನರಿ 870 ಮೀಟರಿಗೂ ಮೇಲೆ ಎದ್ದು ನಿಂತಿದೆ. ನೀನಿರುವ ಚಪ್ಪಟೆ ದೇಶದ ಸಾಮ್ರಾಜ್ಯಕ್ಕೆಲ್ಲ ಅತಿ ಎತ್ತರದ ಜಾಗ ಅದೇ. ಅಂದಮೇಲೆ ಇಳಿಜಾರು ಎಷ್ಟು ಕಡಿದಾಗಿರಬೇಕು, ನೀನೇ ಲೆಕ್ಕ ಹಾಕು. ಸೇಬಾದಲ್ಲಿ ಸಮತಟ್ಟು ನೆಲ ಇಲ್ಲವೆಂದೇ ಹೇಳಬೇಕು. ಅಲ್ಲಿನ ಮನೆ, ದಾರಿ, ನೀರು, ಹೆಣ್ಣುಮಕ್ಕಳ ಕೈಕೆಲಸ ಯಾವುದನ್ನು ನೋಡಿದರೂ ಕಾರಣ ಹುಡುಕುತ್ತಾ ಹೋದರೆ ಆ ಇಳಿಜಾರಿಗೇ ಬಂದು ನಿಲ್ಲುತ್ತೀಯ.

ಮೂರು ಸಾವಿರ ವರ್ಷಕ್ಕೂ ಹಿಂದೆ ಮೂಲನಿವಾಸಿಗಳು ಅಲ್ಲಿ ಏಡಿ, ಕಡಲಹಕ್ಕಿ ಹಿಡಿದು ತಿನ್ನುತ್ತಿದ್ದ ಕುರುಹು ಪ್ಲಮ್ ಪೀಸ್ ಎಂಬಲ್ಲಿ ಸಿಕ್ಕಿದೆ. 1493ರಲ್ಲಿ ಕೊಲಂಬಸ್ ದ್ವೀಪವನ್ನು ಕಂಡ, ದಡಕ್ಕೆ ಇಳಿಯಲಿಲ್ಲ. ಸುತ್ತಲೂ ಬಂಡೆಗೋಡೆ. 1640ರ ಹೊತ್ತಿಗೆ ಪಕ್ಕದ ಸೇಂಟ್ ಯುಸ್ಟೇಷಿಯಸ್‌ನಿಂದ ಡಚ್ಚರು ಬಂದು ನೆಲೆಸಿದರು. ಆಮೇಲೆ ಇಂಗ್ಲಿಷರು, ಫ್ರೆಂಚರು, ಮತ್ತೆ ಡಚ್ಚರು ಎಂದು ಕೈ ಬದಲಾಗುತ್ತಾ ಬಂದು 1816ರಿಂದ ಡಚ್ಚರಲ್ಲೇ ಉಳಿಯಿತು. ಹಾಗಿದ್ದೂ ಮನೆಮಾತು ಇಂಗ್ಲಿಷ್, ಶಾಲೆಯಲ್ಲಿ ಪಾಠವೂ ಇಂಗ್ಲಿಷಿನಲ್ಲೇ. ಶತ್ರುಗಳು ಬೆಟ್ಟ ಹತ್ತುವಾಗ ಮೇಲೆ ಹಲಗೆಗೆ ಆನಿಸಿಟ್ಟ ಕಲ್ಲುಗುಡ್ಡೆಯನ್ನು ಉರುಳಿಸಿಬಿಡುತ್ತಿದ್ದರಂತೆ. ಕಬ್ಬು ಬೆಳೆದರು, ಆದರೆ ಆ ಇಳಿಜಾರಿನಲ್ಲಿ ದೊಡ್ಡ ತೋಟಕ್ಕೆ ಎಲ್ಲಿ ಜಾಗ? ಅಂತ ಗುಲಾಮಗಿರಿ ಇರಲಿಲ್ಲವೆಂದು ತಿಳಿಯಬೇಡ. ಅದು ಇತ್ತು, ಕೊನೆಯಾದದ್ದು 1863ರ ಜುಲೈ 1ಕ್ಕೆ. ಈಗ ಅಲ್ಲಿರುವ ಹ್ಯಾಸೆಲ್, ಜಾನ್ಸನ್, ಸಿಮನ್ಸ್ ಮನೆತನಗಳಲ್ಲಿ ಬಿಳಿಯರೂ ಇದ್ದಾರೆ, ಕರಿಯರೂ ಇದ್ದಾರೆ. ಬರೀ ಮನೆತನದ ಹೆಸರು ಹೇಳಿ ಯಾರನ್ನಾದರೂ ಹುಡುಕಲು ಹೋದರೆ ಆಗುವುದಿಲ್ಲ, ಮೊದಲ ಹೆಸರು, ಊರು ಎರಡೂ ಕೇಳಿಟ್ಟುಕೋ.

ಊರುಗಳು ನಾಲ್ಕೇ. ರಾಜಧಾನಿ ದ ಬಾಟಮ್. ಹೆಸರು ಕೇಳಿ ಕಡಲತಡಿಯಲ್ಲಿದೆ ಅಂದುಕೊಳ್ಳಬೇಡ, ಇರುವುದು ಸುಮಾರು 250 ಮೀಟರ್ ಎತ್ತರದಲ್ಲಿ, ಸುತ್ತ ಗುಡ್ಡಗಳಿರುವ ಬಟ್ಟಲಿನಂಥ ಜಾಗದಲ್ಲಿ. ಬಟ್ಟಲು ಎನ್ನುವ ಹಳೆಯ ಡಚ್ ಮಾತೇ ಇಂಗ್ಲಿಷರ ಬಾಯಲ್ಲಿ ‘ಬಾಟಮ್’ ಆಯಿತು ಅನ್ನುತ್ತಾರೆ. ಅಮೆರಿಕ, ಕೆನಡಾದ ಹುಡುಗರು ಬಂದು ಓದುವ ಮೆಡಿಕಲ್ ಕಾಲೇಜು ಇರುವುದೂ ಇಲ್ಲೇ. ಅದರ ಮೇಲೆ ಸೇಂಟ್ ಜಾನ್ಸ್, ಇನ್ನೂ ಮೇಲೆ ವಿಂಡ್‌ವರ್ಡ್‌ಸೈಡ್, ಆಚೆ ಕಡೆ ಹೆಲ್ಸ್ ಗೇಟ್. ‘ನರಕದ ಬಾಗಿಲು’ ಎಂಬ ಹೆಸರು ಚರ್ಚಿನವರಿಗೆ ಹಿಡಿಸದೆ ಅದಕ್ಕೆ ಜಯನ್ಸ್ ಹಿಲ್ ಎಂದೂ ಹೆಸರಿಟ್ಟರು. ಮನೆಗಳೆಲ್ಲ ಬಿಳಿ ಗೋಡೆ, ಹಸಿರು ಕಿಟಕಿ ಬಾಗಿಲು, ಕೆಂಪು ಮಾಡು. ಎಷ್ಟೋ ಮನೆಗಳ ಅಂಗಳದಲ್ಲೇ ಹಿರಿಯರ ಸಮಾಧಿ ಕಾಣುತ್ತದೆ. ಅದನ್ನು ಕಟ್ಟೆ ಎಂದು ತಿಳಿದು ಕುಳಿತುಬಿಟ್ಟೀಯೆ, ಜೋಕೆ.

ಈಗ ರಸ್ತೆಯ ಕಥೆ. ನೀನು ಸಿವಿಲ್ ಓದುವವಳು, ಇದನ್ನು ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ರಸ್ತೆ ಆಗುವ ಮುಂಚೆ ದ್ವೀಪಕ್ಕೆ ಬರುವ ಪ್ರತಿ ಸಾಮಾನೂ ಫೋರ್ಟ್ ಬೇ ಅಥವಾ ಲ್ಯಾಡರ್ ಬೇಯಲ್ಲಿ ಇಳಿಯಬೇಕು. ಹಡಗು ದೂರ ನಿಲ್ಲುತ್ತದೆ, ಹುಟ್ಟುದೋಣಿಯವರು ಅಲೆ ನೋಡಿಕೊಂಡು ದಡಕ್ಕೆ ತರುತ್ತಾರೆ, ಸೊಂಟದುದ್ದ ನೀರಿನಲ್ಲಿ ನಿಂತವರು ಇಳಿಸಿಕೊಳ್ಳುತ್ತಾರೆ. ಲ್ಯಾಡರ್ ಬೇಯಿಂದ ಮೇಲಕ್ಕೆ ಬಂಡೆಯಲ್ಲಿ ಕಡಿದ ಸುಮಾರು 800 ಮೆಟ್ಟಿಲು. ಹಿಟ್ಟಿನ ಮೂಟೆ, ಮರದ ಹಲಗೆ, ಪಿಯಾನೊ ಎಲ್ಲವೂ ತಲೆ, ಹೆಗಲ ಮೇಲೆ ಹೋದದ್ದು ಹೀಗೆ. ಆ ಮೆಟ್ಟಿಲು ಈಗಲೂ ಇವೆ. ಇಳಿಯುವುದು ಸಲೀಸು, ಹತ್ತುವಾಗ ಬಿಸಿಲು ಬಂಡೆಗೆ ಹೊಡೆದು ವಾಪಸು ಮುಖಕ್ಕೆ ಬರುತ್ತದೆ. ಬೆಳಗ್ಗೆ ಬೇಗ ಹೋಗಿ ಬಂದುಬಿಡು.

ಹಾಲೆಂಡಿನ ಎಂಜಿನಿಯರುಗಳು ನೋಡಿ, ಇಲ್ಲಿ ರಸ್ತೆ ಸಾಧ್ಯವಿಲ್ಲ ಅಂದರು. ಜೋಸೆಫಸ್ ಲ್ಯಾಂಬರ್ಟ್ ಹ್ಯಾಸೆಲ್ ಎಂಬ ಊರಿನವನೇ ಒಬ್ಬ ಅಂಚೆ ಮೂಲಕ ರಸ್ತೆ ಕಟ್ಟುವ ಪಾಠ ತರಿಸಿಕೊಂಡು ಓದಿದ. 1938ರಲ್ಲಿ ಕೆಲಸ ಶುರು. ಯಂತ್ರ ಇಲ್ಲ, ಪಿಕಾಸಿ, ಸಲಿಕೆ, ಕೈಗಾಡಿ ಅಷ್ಟೇ. ಫೋರ್ಟ್ ಬೇಯಿಂದ ದ ಬಾಟಮ್‌ವರೆಗಿನ ತುಂಡು ಮುಗಿದದ್ದು 1943ಕ್ಕೆ. ಮೊದಲ ಜೀಪು ಬಂದದ್ದು 1947ರಲ್ಲಿ, ಎರಡು ದೋಣಿ ಜೋಡಿಸಿ ಕಟ್ಟಿ ಅದರ ಮೇಲೆ ಕೂರಿಸಿ ದಡಕ್ಕೆ ತಂದರು. 1951ರಲ್ಲಿ ರಸ್ತೆ ವಿಂಡ್‌ವರ್ಡ್‌ಸೈಡ್ ಮುಟ್ಟಿತು, 1958ರಲ್ಲಿ ಪೂರ್ತಿಯಾಯಿತು. ಇಪ್ಪತ್ತು ವರ್ಷ! ಇವತ್ತಿಗೂ ಅದಕ್ಕೆ ಬೇರೆ ಹೆಸರಿಲ್ಲ, ‘ದ ರೋಡ್’ ಅಷ್ಟೇ.

ಅಲ್ಲಿ ಹೋದಾಗ ರಸ್ತೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ನೋಡು. ಮೇಲ್ಗಡೆ ಗುಡ್ಡ ಕಡಿದಿದ್ದಾರೆ, ಕೆಳಗಡೆ ಕಲ್ಲಿನ ತಡೆಗೋಡೆ ಎಬ್ಬಿಸಿ ನಡುವೆ ತುಂಬಿದ್ದಾರೆ, ಮೇಲೆ ಕಾಂಕ್ರೀಟು. ಅಷ್ಟು ಕಡಿದಾದ ಏರಿನಲ್ಲಿ ಡಾಂಬರು ಹಾಕಿದರೆ ಬಿಸಿಲಿಗೆ ಮೆತ್ತಗಾಗಿ, ಬ್ರೇಕು ಹಾಕಿದಾಗಲೆಲ್ಲ ಕೆಳಕ್ಕೆ ಜರುಗುತ್ತದೆ. ಇಂಥ ತಡೆಗೋಡೆ ಕೆಡುವುದು ಸಾಮಾನ್ಯವಾಗಿ ಕಲ್ಲಿನ ತಪ್ಪಿನಿಂದಲ್ಲ, ಹಿಂದೆ ನಿಂತ ನೀರಿನಿಂದ. ಗೋಡೆಯ ಹಿಂಬದಿ ಮಣ್ಣಿನ ಬದಲು ಜಲ್ಲಿ ತುಂಬಿ ನೀರು ಸೋರಲು ಕಿಂಡಿ ಬಿಟ್ಟಿರಬೇಕು. ಕಿಂಡಿ ಮುಚ್ಚಿದರೆ ಒದ್ದೆ ಮಣ್ಣಿನ ಜೊತೆ ನೀರಿನ ಒತ್ತಡವೂ ಸೇರಿ ಗೋಡೆ ಹೊಟ್ಟೆ ಬಿಡುತ್ತದೆ. ಗೋಡೆ ಉಬ್ಬಿದ ಕಡೆ ಕಂಡರೆ ಮೊದಲು ಕಿಂಡಿ ನೋಡು. ಬೀಡಾಡಿ ಆಡುಗಳು ಇಳಿಜಾರಿನ ಗಿಡ ತಿಂದು ಮುಗಿಸಿರುವುದೂ ಮಣ್ಣು ಜಾರಲು ಒಂದು ಕಾರಣ.

ವಿಮಾನದ್ದೂ ಇದೇ ಪಾಡು. ಇಡೀ ದ್ವೀಪಕ್ಕೆ ಫ್ಲಾಟ್ ಪಾಯಿಂಟ್ ಎಂಬ ಹಳೆಯ ಲಾವಾ ಚಾಚು ಒಂದೇ ಸ್ವಲ್ಪ ಚಪ್ಪಟೆ. 1959ರಲ್ಲಿ ಊರವರು ಕಲ್ಲು ಆರಿಸಿ ತೆಗೆದು ಹಸನು ಮಾಡಿದ ಜಾಗದಲ್ಲಿ ಸೇಂಟ್ ಬಾರ್ಟ್ಸ್‌ನ ಪೈಲಟ್ ರೆಮಿ ದ ಹೇನನ್ ವಿಮಾನ ಇಳಿಸಿ ತೋರಿಸಿದ. 1963ರಲ್ಲಿ ನಿಲ್ದಾಣ ಶುರುವಾಯಿತು. ರನ್‌ವೇ ಉದ್ದ 400 ಮೀಟರ್, ಅಂದರೆ ಸ್ಟೇಡಿಯಂ ಟ್ರ್ಯಾಕಿನ ಒಂದು ಸುತ್ತು. ಎರಡೂ ತುದಿಗೆ ಸಮುದ್ರ. ಬರುವುದು ಟ್ವಿನ್ ಆಟರ್ ಎಂಬ 19 ಸೀಟಿನ ಪುಟ್ಟ ವಿಮಾನ, ಸೇಂಟ್ ಮಾರ್ಟಿನ್‌ನಿಂದ ಕಾಲು ಗಂಟೆಯೂ ಬೇಡ. ಅಡ್ಡಗಾಳಿ ಜೋರಿದ್ದರೆ ಇಳಿಸುವುದಿಲ್ಲ. ಲಗೇಜು ತೂಕದ ಮೇಲೂ ಕಣ್ಣಿಟ್ಟಿರುತ್ತಾರೆ, ನಿನ್ನ ಉಪಕರಣಗಳನ್ನು ಎರಡು ಸಣ್ಣ ಚೀಲ ಮಾಡು. ವಾಪಸು ಬರುವಾಗ ಸೇಂಟ್ ಮಾರ್ಟಿನ್‌ನಿಂದ ಯೂರೋಪಿನ ವಿಮಾನವನ್ನು ಅದೇ ದಿನಕ್ಕೆ ಇಟ್ಟುಕೊಳ್ಳಬೇಡ, ಒಂದು ದಿನ ಬಿಡುವಿರಲಿ.

ಗಂಡಸರಿಗೆ ನೆಲ ಸಾಲದೆ ಕಡಲಿಗೆ ಹೋದರು. 1909ರಲ್ಲಿ ಅಲ್ಲಿ ನೌಕಾಶಾಲೆಯೇ ಶುರುವಾಯಿತು. 1920ರ ದಶಕದ ಮೇಲೆ ಕ್ಯುರಸಾವ್, ಅರೂಬಾದ ಎಣ್ಣೆ ಕಾರ್ಖಾನೆಗಳಿಗೂ ಹೋದರು. ಮನೆಯಲ್ಲಿ ಉಳಿದ ಹೆಣ್ಣುಮಕ್ಕಳು ಲೇಸ್ ಹೊಲಿದು ಸಂಸಾರ ನಡೆಸಿದರು. ವೆನೆಜುವೆಲಾದ ಕ್ಯಾರಕಾಸಿನ ಕಾನ್ವೆಂಟಿನಲ್ಲಿ ಕಲಿತು ಬಂದ ಗರ್ಟ್ರೂಡ್ ಜಾನ್ಸನ್ 1870ರ ದಶಕದಲ್ಲಿ ಇದನ್ನು ತಂದಳು. ಇದು ಕ್ರೋಶಾ ಅಲ್ಲ. ಲಿನನ್ ಬಟ್ಟೆಯಲ್ಲಿ ಎಳೆ ಎಣಿಸಿ, ಒಂದು ದಿಕ್ಕಿನವನ್ನು ಕತ್ತರಿಸಿ ಎಳೆದು ತೆಗೆದು, ಉಳಿದ ಎಳೆಗಳನ್ನು ಸೂಜಿಯಿಂದ ಕಂತೆ ಕಂತೆಯಾಗಿ ಕಟ್ಟುತ್ತಾ ಹೂವು, ಜೇಡರ ಬಲೆ ಮೂಡಿಸುವುದು. ಎಣಿಕೆಯಲ್ಲಿ ಒಂದು ಎಳೆ ತಪ್ಪಿದರೆ ಸಾಲು ಪೂರ್ತಿ ಓರೆ, ತಪ್ಪು ಕತ್ತರಿಸಿದರೆ ಮತ್ತೆ ಜೋಡಿಸಲಾಗದು. ಟಪಾಲು ಸೌಕರ್ಯ ಬಂದಮೇಲೆ, ಅಮೆರಿಕದಿಂದ ಬಂದ ಸಾಮಾನಿನ ಮೇಲಿನ ಕಂಪನಿ ವಿಳಾಸ ನೋಡಿ, ಅಲ್ಲಿಗೇ ಕಾಗದ ಬರೆದು ಗಿರಾಕಿ ಹುಡುಕಿಕೊಂಡರು. ಈಗ ಕೈ ಬಲ್ಲವರು ವಯಸ್ಸಾದವರು. ಒಂದು ಕರವಸ್ತ್ರವನ್ನಾದರೂ ಕೊಂಡುಕೋ, ದಯವಿಟ್ಟು ಚೌಕಾಸಿ ಮಾಡಬೇಡ.

ಆಡಳಿತದ್ದು ಚುಟುಕಾಗಿ ಹೇಳುತ್ತೇನೆ. 2010ರ ಅಕ್ಟೋಬರ್ 10ಕ್ಕೆ ಕೆರಿಬಿಯನ್ನಿನ ಡಚ್ ದ್ವೀಪಗಳ ಒಕ್ಕೂಟವಾಗಿದ್ದ ನೆದರ್‌ಲ್ಯಾಂಡ್ಸ್ ಆಂಟಿಲೀಸ್ ವಿಸರ್ಜನೆಯಾಗಿ ಬೊನೇರ್, ಸೇಂಟ್ ಯುಸ್ಟೇಷಿಯಸ್ ಜೊತೆ ಸೇಬಾ ಕೂಡ ನೆದರ್‌ಲ್ಯಾಂಡ್ಸ್‌ನ ವಿಶೇಷ ಪುರಸಭೆಯಾಯಿತು. ಯಾವ ಪ್ರಾಂತ್ಯಕ್ಕೂ ಸೇರಿಲ್ಲ. ಮೇಯರ್ ಬದಲು ಐಲ್ಯಾಂಡ್ ಗವರ್ನರ್, ಕೌನ್ಸಿಲಿಗೆ 2023ರ ಚುನಾವಣೆಯಲ್ಲಿ ಆರಿಸಿದ್ದು ಐದೇ ಜನರನ್ನು. ಹಣ ಮಾತ್ರ ಅಮೆರಿಕನ್ ಡಾಲರ್, 2011ರಿಂದ. ಯೂರೋ ತುಂಬಿಕೊಂಡು ಹೋಗಬೇಡ.

ಬೆಟ್ಟದ ತುದಿಗೆ 1064 ಮೆಟ್ಟಿಲು. ಮೇಲೆ ಸದಾ ಮೋಡ, ಜರಿಗಿಡ, ಪಾಚಿ, ಮೆಟ್ಟಿಲೆಲ್ಲ ಜಾರು. ಹಿಡಿತವಿರುವ ಬೂಟು ಬೇಕೇ ಬೇಕು. ಸಮುದ್ರದ ಕಡೆ, 1987ರಿಂದ ದ್ವೀಪದ ಸುತ್ತ 60 ಮೀಟರ್ ಆಳದವರೆಗೆ ರಕ್ಷಿತ ಪ್ರದೇಶ. ಹವಳದ ಮೇಲೆ ಲಂಗರು ಬೀಳದಿರಲೆಂದು ದೋಣಿ ಕಟ್ಟಲು ತೇಲುಗುಂಡು ಇಟ್ಟಿದ್ದಾರೆ.

ಕೊನೆಗೆ ನೀರು, ನಿನ್ನ ಕೆಲಸವೇ ಅದು. ದ್ವೀಪದಲ್ಲಿ ಹೊಳೆ, ಕೆರೆ ಇಲ್ಲ. ಮಾಡಿನ ಮೇಲೆ ಬಿದ್ದ ಮಳೆ ಮಾಡಿನಂಚಿನ ದೋಣಿ, ಪೈಪಿನಲ್ಲಿ ಇಳಿದು ಮನೆಯ ಕೆಳಗಿನ ನೀರಿನ ತೊಟ್ಟಿಗೆ, ಅಂದರೆ ಸಂಪಿಗೆ ಹೋಗುತ್ತದೆ. 100 ಚದರ ಮೀಟರ್ ಮಾಡಿಗೆ 10 ಮಿಲಿಮೀಟರ್ ಮಳೆ ಬಿದ್ದರೆ 1000 ಲೀಟರ್, ಪೋಲಾದದ್ದು ಕಳೆದು 800 ಎಂದಿಟ್ಟುಕೋ. ಇಬ್ಬರಿಗೆ ದಿನಕ್ಕೆ ನೂರು ನೂರು ಲೀಟರಿನಂತೆ 60 ಒಣ ದಿನಗಳಿಗೆ 12,000 ಲೀಟರ್, ಅಂದರೆ ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡು ಮೀಟರ್ ಆಳದ ಸಂಪು. ಅದು ತುಂಬಲು ಅಂಥ ಮಳೆ ಹದಿನೈದು ಬೇಕು. ಒಣಗಾಲದ ನಂತರದ ಮೊದಲ ಮಳೆಯನ್ನು ಸಂಪಿಗೆ ಬಿಡಬಾರದು, ಮಾಡಿನ ಧೂಳು, ಹಕ್ಕಿಹಿಕ್ಕೆ ತೊಳೆದು ಹೋಗಲಿ. ಮುಚ್ಚಳ, ಓವರ್‌ಫ್ಲೋ ಪೈಪಿನ ಬಾಯಿಗೆ ಸೊಳ್ಳೆಜಾಲರಿ ಹರಿದಿಲ್ಲವೇ ನೋಡು, ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಇಂಥ ಶುದ್ಧ ನೀರಿನಲ್ಲೇ.

ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಹಾದು ಹೋದಾಗ ಮರಗಳಲ್ಲಿ ಎಲೆ ಉಳಿದಿರಲಿಲ್ಲ. ಎಚ್ಚರಿಕೆ ಬಂದರೆ ಮೊದಲು ಸಂಪಿಗೆ ಇಳಿಯುವ ಪೈಪನ್ನು ಬಿಚ್ಚಿ ಬಾಯಿ ಮುಚ್ಚು. ಗಾಳಿ ಹೊತ್ತು ತರುವ ಉಪ್ಪುನೀರು, ಚೂರಾದ ಎಲೆ ಒಳಗೆ ಸೇರಿದರೆ ಇದ್ದ ನೀರೂ ಕೆಡುತ್ತದೆ. ಕರೆಂಟು ಹೋದರೆ ಪಂಪು ಓಡದು, ಅದಕ್ಕೇ ಬಕೆಟು, ಹಗ್ಗ ಸಂಪಿನ ಹತ್ತಿರವೇ ಇರಲಿ. ಗಾಳಿ ನಿಂತ ಮೇಲೆ ಮಾಡು ಗುಡಿಸಿ, ಅದರಂಚಿನ ದೋಣಿ ತೊಳೆದು, ಒಂದು ಮಳೆ ಹೊರಗೆ ಹರಿಯಲು ಬಿಟ್ಟು, ಆಮೇಲೆ ಪೈಪು ಜೋಡಿಸು. ತಲುಪಿದ ಕೂಡಲೇ ಫೋನ್ ಮಾಡು.

ಇಂತಿ,
ನಿನ್ನ ಅಮ್ಮ