ಫೋನ್ ಕೊಳ್ಳುವ ಮೊದಲು: ಮೇಘನಾಳಿಗೆ ಅತ್ತೆಯ ಪತ್ರ

ಬಸವನಗುಡಿ, ಬೆಂಗಳೂರು

ಚಿ. ಮೇಘನಾಳಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ನೀನು ₹40,000ದ ಮೊಬೈಲ್ ಕೊಳ್ಳಲು ಹೊರಟಿರುವ ವಿಷಯವನ್ನು ನಿನ್ನಪ್ಪ ಹೇಳಿದ. ಅಂಗಡಿಯವರು ಇನ್ನೂ ₹4,500 ಕೊಟ್ಟರೆ ಎರಡನೆಯ ವರ್ಷಕ್ಕೂ ವಾರಂಟಿ ಎನ್ನುತ್ತಿದ್ದಾರಂತೆ. ನಿನ್ನ ಸಹೋದ್ಯೋಗಿಯೊಬ್ಬ ಅದು ದಂಡ, ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರೆ ರಕ್ಷಣೆ ಪುಕ್ಕಟೆ ಸಿಗುತ್ತದೆ ಎಂದನಂತೆ. ಯಾವುದು ಸರಿ ಎಂದು ಅತ್ತೆಯನ್ನು ಕೇಳು ಎಂದು ನಿನ್ನಪ್ಪ ಹೇಳಿದ್ದು ಒಳ್ಳೆಯದಾಯಿತು. ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ಕುಳಿತವಳಿಗೆ ಇಂಥ ಕಾಗದಗಳ ಸಣ್ಣ ಅಕ್ಷರ ಓದುವುದು ಅಭ್ಯಾಸವಾಗಿಬಿಟ್ಟಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಇದನ್ನು ತಿಳಿದುಕೋ. ಫೋನಿಗೆ ಬರುವ ಕಷ್ಟ ಮೂರು ಬಗೆಯದು. ತಾನಾಗಿ ಕೆಡಬಹುದು, ಬಿದ್ದು ಒಡೆಯಬಹುದು ಅಥವಾ ನೀರು ಹೋಗಬಹುದು, ಇಲ್ಲವೇ ಕಳವಾಗಬಹುದು. ಅಂಗಡಿಯವರು ಮಾರುವ ಹೆಚ್ಚುವರಿ ವಾರಂಟಿ ಮೊದಲನೆಯದಕ್ಕೆ ಮಾತ್ರ. ಕಾರ್ಡಿನವರ ಪರ್ಚೇಸ್ ಪ್ರೊಟೆಕ್ಷನ್, ಅಂದರೆ ಕಾರ್ಡಿನಲ್ಲಿ ಕೊಂಡ ವಸ್ತುವಿಗೆ ಸಿಗುವ ರಕ್ಷಣೆ, ಮುಖ್ಯವಾಗಿ ಮೂರನೆಯದಕ್ಕೆ, ಅದೂ ಕೊಂಡ ಮೊದಲ ಕೆಲವು ವಾರಗಳಿಗೆ. ನಿನ್ನಂಥ ಹುಡುಗಿಯರ ಫೋನಿಗೆ ದಿನನಿತ್ಯ ಆಗುವುದು ಎರಡನೆಯದು. ಅದಕ್ಕೆ ಇವೆರಡರಲ್ಲಿ ಯಾವುದೂ ಬಹುತೇಕ ಉಪಯೋಗಕ್ಕೆ ಬರುವುದಿಲ್ಲ. ಪುಕ್ಕಟೆಯೋ ದುಡ್ಡಿನದೋ ಎಂದು ನೀವಿಬ್ಬರೂ ವಾದ ಮಾಡುತ್ತಿದ್ದೀರಿ. ಯಾವ ಕಷ್ಟಕ್ಕೆ ಯಾವ ಕಾಗದ ಎಂಬುದನ್ನು ಯಾರೂ ಕೇಳಿಲ್ಲ.

ಹೆಚ್ಚುವರಿ ವಾರಂಟಿಯ ವಿಷಯ. ನಮ್ಮಲ್ಲಿ ಮೊಬೈಲ್‌ಗೆ ಕಂಪನಿಯವರು ಸಾಮಾನ್ಯವಾಗಿ 1 ವರ್ಷದ ವಾರಂಟಿ ಕೊಡುತ್ತಾರೆ. ಪೆಟ್ಟಿಗೆಯಲ್ಲಿ ಬರುವ ಚಾರ್ಜರ್, ಕೇಬಲ್‌ಗಳಿಗೆ ಅನೇಕ ಕಂಪನಿಗಳಲ್ಲಿ 6 ತಿಂಗಳು ಮಾತ್ರ. ನೀನು ಕೊಡುವ ₹4,500 ಆ ಮೊದಲ ವರ್ಷ ಮುಗಿದ ಮೇಲೆ ಕೆಲಸಕ್ಕೆ ಬರುತ್ತದೆ, ಅದಕ್ಕೆ ಮೊದಲು ಅಲ್ಲ. ತಯಾರಿಕೆಯ ದೋಷವಿರುವ ಫೋನ್ ಸಾಮಾನ್ಯವಾಗಿ ಆರಂಭದ ತಿಂಗಳುಗಳಲ್ಲೇ ಕೈಕೊಡುತ್ತದೆ, ಆಗ ಕಂಪನಿಯ ವಾರಂಟಿಯೇ ಇರುತ್ತದೆ. ಎರಡನೆಯ ವರ್ಷದಲ್ಲಿ ನಿಜವಾಗಿ ಕಾಡುವುದು ಬ್ಯಾಟರಿ ಸೊರಗುವುದು. ಅದನ್ನು ಸವೆತ ಎಂದು ಕರೆದು ಬಹಳಷ್ಟು ಯೋಜನೆಗಳು ಹೊರಗಿಟ್ಟಿವೆ. ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಈಚಿನ ವರ್ಷಗಳಲ್ಲಿ ಕೆಲವು ಫೋನ್‌ಗಳ ಪರದೆಯ ಮೇಲೆ, ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ, ಮೇಲಿನಿಂದ ಕೆಳಗಿನವರೆಗೆ ಹಸಿರು ಗೆರೆ ಬೀಳತೊಡಗಿತು. ಅದು ವಾರಂಟಿ ಮುಗಿದ ಫೋನ್‌ಗಳಲ್ಲೂ ಕಾಣಿಸಿಕೊಂಡಿತು. ಅಂಥ ದೋಷಕ್ಕೆ ಹೆಚ್ಚುವರಿ ವಾರಂಟಿ ನೆರವಾಗಬಹುದು. ಆದರೆ ಗ್ರಾಹಕರು ಗಲಾಟೆ ಮಾಡಿದ ಮೇಲೆ ಕೆಲವು ಕಂಪನಿಗಳು ವಾರಂಟಿ ಮುಗಿದಿದ್ದರೂ ಪರದೆ ಬದಲಿಸಿಕೊಟ್ಟವು. ಆದ್ದರಿಂದ ಆ ಒಂದು ಭಯಕ್ಕಾಗಿ ದುಡ್ಡು ಕಟ್ಟಬೇಕಿಲ್ಲ.

ಅಂಗಡಿಯವರು ಇನ್ನೊಂದು ಮಾಡುತ್ತಾರೆ, ಇದರಲ್ಲಿ ಎಚ್ಚರವಾಗಿರು. ‘ವಾರಂಟಿ’ ಎಂದು ಬಾಯಲ್ಲಿ ಹೇಳಿ, ‘ಬಿದ್ದರೂ ಸರಿ, ಒಡೆದರೂ ಸರಿ ಮೇಡಂ’ ಎಂದು ಸೇರಿಸುತ್ತಾರೆ. ಬಿದ್ದು ಒಡೆದದ್ದಕ್ಕೆ ಹಣ ಕೊಡುವುದು ಬೇರೆಯೇ ಯೋಜನೆ, ಆಕಸ್ಮಿಕ ಹಾನಿಯ ರಕ್ಷಣೆ. ಅದರ ದರ ಬೇರೆ, ಷರತ್ತು ಬೇರೆ. ನೀನು ಕೇಳಬೇಕಾದದ್ದು ಇಷ್ಟೇ: ಪರದೆ ಒಡೆದರೆ ಈ ಕಾಗದ ಹಣ ಕೊಡುತ್ತದೆಯೇ, ಆ ಸಾಲನ್ನು ನನಗೆ ಬೆರಳಿಟ್ಟು ತೋರಿಸಿ. ತೋರಿಸಲು ತಡಕಾಡಿದರೆ ಬೇಡ ಎಂದು ಎದ್ದು ಬಾ.

ತೋರಿಸಿದರು, ಆ ₹4,500ಕ್ಕೆ ಮೊದಲ ದಿನದಿಂದಲೇ ಆಕಸ್ಮಿಕ ಹಾನಿಯ ರಕ್ಷಣೆ ಇದೆ ಎಂದೇ ಇಟ್ಟುಕೊಳ್ಳೋಣ. ಆಗ ಲೆಕ್ಕ ಹಾಕು. ಎಂಟನೆಯ ತಿಂಗಳಲ್ಲಿ ಪರದೆ ಒಡೆಯಿತು, ಬದಲಿಸಲು ₹11,000 ಆಗುತ್ತದೆ ಎನ್ನೋಣ. ಅನೇಕ ಯೋಜನೆಗಳಲ್ಲಿ ಫೋನ್ ಹಳೆಯದಾದಷ್ಟೂ ಸವಕಳಿ ಎಂದು ಕಡಿತ ಮಾಡುತ್ತಾರೆ. ಶೇ 25 ಸವಕಳಿ ಹೋದರೆ ₹8,250. ಅದರಲ್ಲಿ ಕ್ಲೇಮ್ ಶುಲ್ಕ ₹750 ಮುರಿದುಕೊಂಡರೆ ₹7,500. ನೀನು ಮೊದಲೇ ಕಟ್ಟಿದ ₹4,500 ಕಳೆದರೆ ನಿನಗೆ ಉಳಿದ ಲಾಭ ₹3,000. ಅದೂ ಪರದೆ ಒಡೆದರೆ ಮಾತ್ರ. ಇವು ನಾನು ಉದಾಹರಣೆಗೆ ಇಟ್ಟುಕೊಂಡ ಅಂಕಿಗಳು. ಸವಕಳಿಯ ಪಟ್ಟಿ ಯಾವ ಯೋಜನೆಗೆ ಎಷ್ಟು ಎಂಬುದನ್ನು ಅದರ ಷರತ್ತಿನ ಪುಟದಿಂದ ತೆಗೆದು ಇದೇ ರೀತಿ ಗುಣಿಸಿ ನೋಡು. ಆ ಪಟ್ಟಿಯೇ ಇಲ್ಲದ ಯೋಜನೆ ಸಿಕ್ಕರೆ ಅದು ಒಳ್ಳೆಯದು.

ಈಗ ಕಾರ್ಡಿನ ಕಡೆ ಬರುತ್ತೇನೆ. ನಿನ್ನ ಸಹೋದ್ಯೋಗಿ ಅಮೆರಿಕದವರ ವಿಡಿಯೊ ನೋಡಿ ಹೇಳಿರಬೇಕು ಎಂದು ನನ್ನ ಅನುಮಾನ. ಅಲ್ಲಿ ಹಲವು ಕಾರ್ಡ್‌ಗಳು ತಯಾರಕರ ವಾರಂಟಿ 3 ವರ್ಷದೊಳಗಿದ್ದರೆ ಅದಕ್ಕೆ ಇನ್ನೊಂದು ವರ್ಷವನ್ನು ತಾವೇ ಸೇರಿಸುತ್ತವೆ. ಚೇಸ್ ಸಫೈರ್ ಎಂಬ ಕಾರ್ಡಿನಲ್ಲಿ ಕೊಂಡ ವಸ್ತುವಿಗೆ 120 ದಿನ ಕಳವು, ಹಾನಿಯ ರಕ್ಷಣೆಯೂ ಇದೆ. ಆದರೆ ಆ ಸೌಲಭ್ಯ ಶಾಶ್ವತವೇನಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಸಿಟಿ ಬ್ಯಾಂಕ್ ಅಲ್ಲಿನ ತನ್ನ ಹೆಚ್ಚಿನ ಕಾರ್ಡ್‌ಗಳಿಂದ ಇಂಥ ರಕ್ಷಣೆಗಳನ್ನು ತೆಗೆದುಹಾಕಿತು. ಆ ಪಟ್ಟಿಯನ್ನು ಇಲ್ಲಿಗೆ ತಂದು, ನನ್ನ ಕಾರ್ಡಿಗೂ ಹಾಗೇ ಇದೆ ಎಂದು ನಂಬುವುದು ತಪ್ಪು.

ನಮ್ಮ ಕಾರ್ಡ್‌ಗಳಲ್ಲಿ ಪರ್ಚೇಸ್ ಪ್ರೊಟೆಕ್ಷನ್ ಇರುವುದು ಬಹುತೇಕ ವಾರ್ಷಿಕ ಶುಲ್ಕ ಹೆಚ್ಚಿರುವ ಕಾರ್ಡ್‌ಗಳಲ್ಲಿ. ಅದು ಬ್ಯಾಂಕಿನ ಭರವಸೆಯಲ್ಲ, ಬ್ಯಾಂಕ್ ತನ್ನ ಗ್ರಾಹಕರೆಲ್ಲರ ಹೆಸರಿನಲ್ಲಿ ಒಂದು ವಿಮಾ ಕಂಪನಿಯಿಂದ ತೆಗೆದುಕೊಂಡಿರುವ ಗುಂಪು ಪಾಲಿಸಿ. ನವೀಕರಣದ ಸಮಯದಲ್ಲಿ ಷರತ್ತು ಬದಲಾದರೆ ನಿನಗೆ ಗೊತ್ತೇ ಆಗದಿರಬಹುದು. ಕಾರ್ಡಿನ ನಿಯಮಾವಳಿ ತೆಗೆದಾಗ ಹೊರಗಿಟ್ಟ ವಸ್ತುಗಳ ಪಟ್ಟಿಯನ್ನೇ ಮೊದಲು ಓದು, ಕೆಲವು ಪಾಲಿಸಿಗಳಲ್ಲಿ ಮೊಬೈಲ್ ಫೋನ್ ಅಲ್ಲೇ ಕುಳಿತಿರುತ್ತದೆ. ಅಲ್ಲಿಲ್ಲದಿದ್ದರೆ ಎಷ್ಟು ದಿನ, ಎಷ್ಟು ಮೊತ್ತ, ಪೂರ್ತಿ ಹಣ ಅದೇ ಕಾರ್ಡಿನಿಂದ ಹೋಗಿರಬೇಕೇ ಎಂಬುದನ್ನು ನೋಡು. ಹಳೆಯ ಫೋನ್ ವಿನಿಮಯಕ್ಕೆ ಕೊಟ್ಟು, ಉಳಿದದ್ದರಲ್ಲಿ ಒಂದಷ್ಟು ಯುಪಿಐ, ಒಂದಷ್ಟು ಕಾರ್ಡ್ ಎಂದು ಕೊಟ್ಟರೆ ಅಲ್ಲಿಯೇ ತಕರಾರು ಹುಟ್ಟುತ್ತದೆ.

ಇನ್ನೊಂದು ಗೊಂದಲವನ್ನು ಓದಿದವರೂ ಮಾಡಿಕೊಳ್ಳುತ್ತಾರೆ. ಕಾರ್ಡಿನ ಜಾಹೀರಾತಿನಲ್ಲಿ ‘ಕಾರ್ಡ್ ಕಳೆದರೆ ಹೊಣೆ ಇಲ್ಲ’ ಎಂದು ದೊಡ್ಡದಾಗಿ ಇರುತ್ತದೆ. ಅದು ನಿನ್ನ ಕಾರ್ಡ್ ಕಳೆದ ಮೇಲೆ ಬೇರೆಯವರು ಅದರಲ್ಲಿ ಖರ್ಚು ಮಾಡಿದರೆ ಬರುವ ರಕ್ಷಣೆ. ನೀನು ಕೊಂಡ ಫೋನಿಗೂ ಅದಕ್ಕೂ ಸಂಬಂಧವೇ ಇಲ್ಲ.

ಕಳವಿನ ವಿಷಯದಲ್ಲಿ ಒಂದು ಘಟನೆ ಹೇಳಲೇಬೇಕು, ಏಕೆಂದರೆ ಅದು ನಿನಗೂ ಆಗಬಹುದಾದದ್ದು. ನಮ್ಮ ಬೀದಿಯ ಹುಡುಗನೊಬ್ಬ ದರ್ಶಿನಿಯಲ್ಲಿ ಎತ್ತರದ ಮೇಜಿನ ಮೇಲೆ ಫೋನ್ ಇಟ್ಟು ಕೌಂಟರಿಗೆ ಕಾಫಿ ತರಲು ಹೋದ. ಬಂದಾಗ ಫೋನ್ ಇರಲಿಲ್ಲ. ಕೊಂಡು ತಿಂಗಳೂ ಆಗಿರಲಿಲ್ಲ, ಕಾರ್ಡಿನ ರಕ್ಷಣೆಯೂ ಇತ್ತು. ಸಿಮ್ ಕಾರ್ಡ್ ಬೇಗ ಸಿಗಲಿ ಎಂದು ಕಳೆದ ವಸ್ತುಗಳನ್ನು ಆನ್‌ಲೈನಿನಲ್ಲಿ ತಿಳಿಸುವ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ‘ಕಳೆದುಹೋಗಿದೆ’ ಎಂದು ದಾಖಲಿಸಿದ. ಕ್ಲೇಮ್ ತಿರಸ್ಕಾರವಾಯಿತು. ಕಾರಣ ಎರಡು ಸಾಲಿನಲ್ಲಿ ಬಂತು: ವಸ್ತುವನ್ನು ಗಮನವಿಲ್ಲದೆ ಬಿಡಲಾಗಿತ್ತು, ಕಳವಿನ ಎಫ್‌ಐಆರ್ ಇಲ್ಲ. ಆ ಪತ್ರ ಹಿಡಿದುಕೊಂಡು ಅವನು ನಮ್ಮ ಜಗಲಿಯ ಮೇಲೆ ಕುಳಿತಿದ್ದಾಗ ನನಗೆ ಹೊಟ್ಟೆ ಉರಿಯಿತು. ಎರಡನೆಯ ಕಾರಣವನ್ನಾದರೂ ತಪ್ಪಿಸಬಹುದಿತ್ತು.

ಆದ್ದರಿಂದ ನೆನಪಿಡು, ಇ-ಲಾಸ್ಟ್ ವರದಿ ಎಫ್‌ಐಆರ್ ಅಲ್ಲ. ಕಳವಾಗಿದ್ದರೆ ಕಳವು ಎಂದೇ ದೂರು ಕೊಡು. ಬೈಕಿನಲ್ಲಿ ಬಂದು ಕಿತ್ತುಕೊಂಡಿದ್ದರೆ ಕಿತ್ತುಕೊಂಡರು ಎಂದೇ ಬರೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿತ್ತುಕೊಂಡು ಓಡುವುದು 304ನೆಯ ಸೆಕ್ಷನ್‌ನಡಿ ಪ್ರತ್ಯೇಕ ಅಪರಾಧ. ಠಾಣೆಯ ಸರಹದ್ದು ನಮ್ಮದಲ್ಲ ಎಂದು ಹೇಳಿ ಕಳುಹಿಸುವ ಹಾಗೂ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು, ವಿದ್ಯುನ್ಮಾನ ರೂಪದಲ್ಲಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಜೊತೆಗೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನಿನ ಐಎಂಇಐ ಸಂಖ್ಯೆ, ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ, ಕೊಟ್ಟು ಫೋನನ್ನು ತಡೆಹಿಡಿಸು. ಆ ಸಂಖ್ಯೆ ಫೋನಿನಲ್ಲಿ *#06# ಒತ್ತಿದರೆ ಕಾಣಿಸುತ್ತದೆ. ಫೋನ್ ಹೋದ ಮೇಲೆ ಒತ್ತಲು ಏನಿರುತ್ತದೆ? ಕೊಂಡ ದಿನವೇ ಬರೆದಿಡು. ಬಿಲ್ಲಿನಲ್ಲಿ ಐಎಂಇಐ ಮುದ್ರಿತವಾಗಿದೆಯೇ ಎಂದು ಅಂಗಡಿಯಲ್ಲೇ ನೋಡು. ಅದಿಲ್ಲದ ಬಿಲ್ ಕ್ಲೇಮ್ ಮೇಜಿನ ಮೇಲೆ ಅರ್ಧ ಬಿಲ್ ಇದ್ದಂತೆ.

ನೀರಿನ ಮಾತು. ನೀರು, ಧೂಳು ತಡೆಯುವ ದರ್ಜೆಯಾದ ಐಪಿ68 ಪೆಟ್ಟಿಗೆಯ ಮೇಲೆ ಇರುವುದನ್ನು ನೋಡಿ ಮೇ ತಿಂಗಳ ಮಳೆಯಲ್ಲಿ ಫೋನ್ ಹಿಡಿದುಕೊಂಡು ಓಡಾಡಬೇಡ. ಅದು ಪ್ರಯೋಗಾಲಯದಲ್ಲಿ, ನಿಂತ ಶುದ್ಧ ನೀರಿನಲ್ಲಿ ನಡೆಸಿದ ಪರೀಕ್ಷೆಯ ದರ್ಜೆ. ಆ ದರ್ಜೆ ಕೊಟ್ಟ ಕಂಪನಿಗಳೇ ದ್ರವದಿಂದಾದ ಹಾನಿಯನ್ನು ಸಾಮಾನ್ಯವಾಗಿ ವಾರಂಟಿಯ ಹೊರಗಿಟ್ಟಿವೆ. ಸರ್ವಿಸ್ ಸೆಂಟರಿನವರು ಸಿಮ್ ತಟ್ಟೆಯನ್ನು ಹೊರಗೆಳೆದು ಟಾರ್ಚ್ ಬಿಟ್ಟು ಒಳಗೆ ನೋಡುತ್ತಾರೆ. ಐಫೋನ್‌ಗಳಲ್ಲಿ ಅಲ್ಲಿ ಒಂದು ಪುಟ್ಟ ಸೂಚಕ ಪಟ್ಟಿ ಇರುತ್ತದೆ, ಒದ್ದೆಯಾಗದಿದ್ದರೆ ಬಿಳಿ ಅಥವಾ ಬೆಳ್ಳಿಯ ಬಣ್ಣ, ಒದ್ದೆಯಾಗಿದ್ದರೆ ಕೆಂಪು. ಕೆಂಪು ಕಂಡಿತೆಂದರೆ ಕೆಟ್ಟದ್ದು ಸ್ಪೀಕರ್ ಆಗಿದ್ದರೂ ವಾರಂಟಿಯಲ್ಲಿ ಮಾಡಿಸಿಕೊಳ್ಳುವುದು ಬಲು ಕಷ್ಟ.

ನಿನ್ನ ಸ್ಕೂಟರಿನ ಹ್ಯಾಂಡಲ್ಲಿಗೆ ಹಾಕಿಸಿಕೊಂಡಿರುವ ಫೋನ್ ಹೋಲ್ಡರ್ ಬಗ್ಗೆಯೂ ನನಗೆ ಆತಂಕವಿದೆ. ಹೆಚ್ಚು ಸಾಮರ್ಥ್ಯದ ಮೋಟಾರ್ ಸೈಕಲ್ ಎಂಜಿನ್ನಿನ ಕಂಪನದಿಂದ ಐಫೋನಿನ ಕ್ಯಾಮೆರಾದ ಸ್ಥಿರೀಕರಣ ವ್ಯವಸ್ಥೆ ಹಾಳಾಗಬಹುದು ಎಂದು ಆಪಲ್ ಕಂಪನಿಯೇ 2021ರ ಸೆಪ್ಟೆಂಬರ್‌ನಲ್ಲಿ ಎಚ್ಚರಿಸಿತ್ತು. ಸ್ಕೂಟರಿನಲ್ಲಿ ಕಟ್ಟುವುದಾದರೆ ಕಂಪನ ಹೀರುವ ಹೋಲ್ಡರ್ ಬಳಸಿ ಎಂದಿತ್ತು. ಸಿಲ್ಕ್ ಬೋರ್ಡ್ ಕಡೆಯ ರಸ್ತೆಗಳ ಸ್ಥಿತಿ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ದಾರಿ ಕೇಳಿಸಿಕೊಂಡು ಹೋಗು, ಫೋನ್ ಚೀಲದಲ್ಲಿರಲಿ.

ಹಾಗಾದರೆ ಏನು ಮಾಡಬೇಕು? ನಿನಗೆಂದೇ ಹೇಳುತ್ತೇನೆ, ಊರಿಗೆಲ್ಲ ಅಲ್ಲ. ನಿನ್ನ ಕೈಯಿಂದ ಫೋನ್ ಜಾರುವುದನ್ನು ಮನೆಮಂದಿಯೆಲ್ಲ ನೋಡಿದ್ದೇವೆ. ಅಂಗಡಿಯ ಹೆಚ್ಚುವರಿ ವಾರಂಟಿ ಬೇಡ. ಫೋನ್ ತಯಾರಿಸಿದ ಕಂಪನಿಯೇ ಮಾರುವ ಪರದೆ ಅಥವಾ ಆಕಸ್ಮಿಕ ಹಾನಿಯ ಯೋಜನೆ ಇದ್ದರೆ, ಒಂದು ವರ್ಷಕ್ಕೆ ಮಾತ್ರ ತೆಗೆದುಕೋ. ಅಲ್ಲಿ ರಿಪೇರಿ ಮಾಡುವವರೂ ಹಣ ಕೊಡುವವರೂ ಒಬ್ಬರೇ ಆಗಿರುವುದರಿಂದ ಅಲೆದಾಟ ಕಡಿಮೆ. ಕೊಂಡ ದಿನವೇ ನಿರ್ಧರಿಸುವ ಅವಸರವೂ ಇಲ್ಲ. ಆಪಲ್ ಕಂಪನಿಯ ಇಂಥ ಯೋಜನೆಯಾದ ಆಪಲ್‌ಕೇರ್ ಪ್ಲಸ್‌ಗೆ ಫೋನ್ ಕೊಂಡ ಮೇಲೆ 60 ದಿನಗಳ ಅವಕಾಶವಿದೆ. ಬೇರೆ ಕಂಪನಿಗಳ ಗಡುವನ್ನು ಅವರವರ ಜಾಲತಾಣದಲ್ಲಿ ನೋಡು. ಅಂಥ ಯೋಜನೆ ಇಲ್ಲದಿದ್ದರೆ ಗಟ್ಟಿ ಕವರ್ ಹಾಕಿಸಿ, ₹4,500 ಅನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಡು.

ಕಾರ್ಡಿನಲ್ಲಿ ಕೊಳ್ಳಬೇಡ ಎನ್ನುವುದಿಲ್ಲ. ಆನ್‌ಲೈನಿನಲ್ಲಿ ತರಿಸಿದ ಪೆಟ್ಟಿಗೆಯಲ್ಲಿ ಬೇರೆ ಮಾಲು ಬಂದರೆ, ಮಾರಿದವನು ಕೈ ಎತ್ತಿದರೆ, ಬ್ಯಾಂಕಿಗೆ ದೂರು ಕೊಟ್ಟು ಚಾರ್ಜ್‌ಬ್ಯಾಕ್, ಅಂದರೆ ಕೊಟ್ಟ ಹಣವನ್ನು ವಾಪಸು, ಕೇಳಬಹುದು. ನನ್ನ ದೃಷ್ಟಿಯಲ್ಲಿ ಕಾರ್ಡಿನ ನಿಜವಾದ ಉಪಕಾರ ಇದೇ. ಪೆಟ್ಟಿಗೆ ತೆರೆಯುವುದನ್ನು ವಿಡಿಯೊ ಮಾಡಿಟ್ಟುಕೋ. ಆದರೆ ಬಿಲ್ ಪೂರ್ತಿ ಕಟ್ಟಲಾಗದಿದ್ದರೆ ಕಾರ್ಡ್ ಮುಟ್ಟಬೇಡ. ತಿಂಗಳಿಗೆ ಶೇ 3.5 ಬಡ್ಡಿ ಎಂದರೆ ವರ್ಷಕ್ಕೆ ಶೇ 42. ‘ನೋ ಕಾಸ್ಟ್ ಇಎಂಐ’ಯಲ್ಲೂ ಬಡ್ಡಿಯನ್ನು ರಿಯಾಯಿತಿಯಾಗಿ ಮುರಿದುಕೊಟ್ಟು, ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿಯನ್ನು ನಿನ್ನಿಂದಲೇ ವಸೂಲು ಮಾಡುತ್ತಾರೆ. ಪ್ರೊಸೆಸಿಂಗ್ ಶುಲ್ಕ ಬೇರೆ.

ತಕರಾರು ಬಂದರೆ ಬಾಗಿಲುಗಳೂ ಬೇರೆ ಬೇರೆ. ಕಾರ್ಡಿನ ರಕ್ಷಣೆ ವಿಮೆ, ಆದ್ದರಿಂದ ವಿಮಾ ಕಂಪನಿ ಒಂದು ತಿಂಗಳೊಳಗೆ ಉತ್ತರಿಸದಿದ್ದರೆ ಅಥವಾ ತಿರಸ್ಕರಿಸಿದರೆ ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಬೆಂಗಳೂರಿನ ಕಚೇರಿ ಜೆ.ಪಿ. ನಗರ ಒಂದನೆಯ ಹಂತದ ಜೀವನ್ ಸೌಧದಲ್ಲಿದೆ, ಶುಲ್ಕವಿಲ್ಲ. ಅಂಗಡಿಯವರು ಮಾರುವ ವಾರಂಟಿ ಎಷ್ಟೋ ಸಲ ವಿಮೆಯೇ ಅಲ್ಲ, ಬರೀ ಸೇವಾ ಒಪ್ಪಂದ. ಅದಕ್ಕೆ ಆ ಬಾಗಿಲು ತೆರೆಯುವುದಿಲ್ಲ. ಆಗ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡು, ಕನ್ನಡದಲ್ಲೇ ಮಾತನಾಡಬಹುದು. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀನು ವಾಸಿಸುವ ಊರಿನಲ್ಲೇ ದೂರು ಹೂಡಬಹುದು, 2 ವರ್ಷದ ಕಾಲಾವಕಾಶವಿದೆ, ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ. ಬಿಲ್, ಯೋಜನೆಯ ಷರತ್ತಿನ ಪ್ರತಿ, ತಿರಸ್ಕಾರದ ಪತ್ರ ಇದ್ದರೆ ಅರ್ಜಿಯನ್ನು ನಾನೇ ಬರೆದುಕೊಡುತ್ತೇನೆ.

ಶನಿವಾರ ಅಂಗಡಿಗೆ ಹೋಗುತ್ತೀಯಂತೆ. ಅದಕ್ಕೆ ಮೊದಲು ನಿನ್ನ ಕಾರ್ಡಿನ ನಿಯಮಾವಳಿಯಲ್ಲಿ ವಿಮೆಯ ಪುಟಗಳನ್ನೂ ಅಂಗಡಿಯವರು ಕೊಟ್ಟ ಕರಪತ್ರವನ್ನೂ ನನ್ನ ವಾಟ್ಸ್‌ಆ್ಯಪ್‌ಗೆ ಕಳುಹಿಸು. ಶುಕ್ರವಾರ ರಾತ್ರಿಯೊಳಗೆ ಓದಿ, ತಕರಾರಿನ ಸಾಲುಗಳಿಗೆ ಗುರುತು ಹಾಕಿ ವಾಪಸು ಕಳುಹಿಸುತ್ತೇನೆ.

ಇಂತು ನಿನ್ನ ಪ್ರೀತಿಯ
ಅತ್ತೆ